ಕೈ ತೋರಿಸಿದರೆ ನಿಲ್ಲುತ್ತದೆ

ಹಿಂಡಿಯಂಗಡಿಯ ಅಣ್ಣನ ಬಲಗೈ ಮೊಣಕೈವರೆಗೂ ಸದಾ ಬೆಳ್ಳಗಿರುತ್ತಿತ್ತು. ತೌಡಿನ ಧೂಳು, ಎಷ್ಟು ತೊಳೆದರೂ ರೋಮದ ಬುಡದಲ್ಲಿ ಉಳಿಯುತ್ತಿತ್ತು. ಆರಡಿಯ ಆಳು, ಅದಕ್ಕೆ ತಕ್ಕ ಉದ್ದದ ಕೈ. ಕಾಪುವಿನ ಹೆದ್ದಾರಿಯ ಅಂಚಿನಲ್ಲಿದ್ದ ಅಂಗಡಿಯ ಮುಂದೆ ನಿಂತು ಆ ಕೈ ಎತ್ತಿದರೆಂದರೆ ಮಂಗಳೂರು–ಉಡುಪಿ ಎಕ್ಸ್‌ಪ್ರೆಸ್ ಬಸ್ಸು ಕೂಡ ನಿಲ್ಲುತ್ತಿತ್ತು. ಡ್ರೈವರು ದೂರದಿಂದಲೇ ಉದ್ದಕ್ಕೆ ಒಂದು ಹಾರ್ನ್ ಹಾಕುತ್ತಿದ್ದ. ಕಂಡಿತು, ನಿಲ್ಲಿಸುತ್ತೇನೆ ಎಂದು ಅದರ ಅರ್ಥ. ಹಾರ್ನ್ ಕೇಳಿದ ಮೇಲೆ ಅಣ್ಣ ಬಸ್ಸಿನ ಕಡೆ ನೋಡುತ್ತಲೇ ಇರಲಿಲ್ಲ. ಬೆನ್ನು ತಿರುಗಿಸಿ ಗಿರಾಕಿಯ ಮೂಟೆ ಎತ್ತಲು ಬಗ್ಗುತ್ತಿದ್ದರು. ಬಸ್ಸು ಬಂದು ಅವರ ಬೆನ್ನ ಹಿಂದೆಯೇ ನಿಲ್ಲುತ್ತಿತ್ತು.

ನಾನು ಹೇಳುತ್ತಿರುವುದು ಎಪ್ಪತ್ತರ ದಶಕದ ಕೊನೆಯ ಮಾತು. ನಮ್ಮ ಕಡೆಗೆ ರೈಲು ಬಂದಿರಲಿಲ್ಲ. ರೈಲು ನೋಡಬೇಕಾದರೆ ಮಂಗಳೂರಿಗೇ ಹೋಗಬೇಕು. ನನಗೆ ಮೂವತ್ತು ದಾಟಿದ್ದರೂ ಅದನ್ನು ಹತ್ತಿರದಿಂದ ಕಂಡವಳಲ್ಲ.

ನನ್ನ ಮನೆ ಇನ್ನಂಜೆಯಲ್ಲಿ. ಅಂಗಳದ ಮಲ್ಲಿಗೆ ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ ಕಳಿಸಿದರೆ ಒಲೆ ಉರಿಯುತ್ತಿತ್ತು. ಮಲ್ಲಿಗೆಗೆ ನೆಲಗಡಲೆ ಹಿಂಡಿಯನ್ನು ಸೆಗಣಿ ನೀರಿನಲ್ಲಿ ನೆನೆಸಿ ಹಾಕಬೇಕು. ಹಿಂಡಿಗೆ, ಹಸುವಿನ ತೌಡಿಗೆ, ಹೀರೆ ಬೆಂಡೆಯ ಬೀಜಕ್ಕೆ, ಎಲ್ಲದಕ್ಕೂ ನನಗೆ ಅಣ್ಣನ ಅಂಗಡಿಯೇ ಗತಿ. ಕ್ರೈಸ್ತ ಹೆಂಗಸರನ್ನು ನಮ್ಮೂರಲ್ಲಿ ಕರೆಯುವ ಹಾಗೆ ಅವರು ನನ್ನನ್ನು ಬಾಯಮ್ಮ ಎನ್ನುತ್ತಿದ್ದರು. ಬೇರೆಯವರೊಡನೆಲ್ಲ ತುಳು, ಮದುವೆಗೆ ಮೊದಲು ನಾನು ಶಾಲೆಯಲ್ಲಿ ಪಾಠ ಹೇಳಿದವಳೆಂದು ನನ್ನೊಡನೆ ಮಾತ್ರ ಕನ್ನಡ. ಒಂದು ಶಬ್ದ ತಪ್ಪಿದರೆ ನಾಲಿಗೆ ಕಚ್ಚಿಕೊಳ್ಳುತ್ತಿದ್ದರು.

ಅವರದೊಂದು ವಿಚಿತ್ರ ಅಭ್ಯಾಸ. ಪ್ರತಿ ಹೊಸ ಮೂಟೆಯೊಳಗೆ ಮೊಣಕೈವರೆಗೆ ಕೈ ತೂರಿಸಿ, ತಳದಿಂದ ಒಂದು ಚೂರು ಹಿಂಡಿ ತೆಗೆದು ಹಲ್ಲಿನಲ್ಲಿ ಕಚ್ಚಿ ನೋಡುವುದು. ಹೊಯ್ಗೆ, ಅಂದರೆ ಮರಳು, ಬೆರೆಸಿದ್ದರೆ ಕರಕರ ಎನ್ನುತ್ತದೆ. ಯಾರಾದರೂ ನಕ್ಕರೆ, "ದನಕ್ಕೆ ಹೇಳಲಿಕ್ಕೆ ಬಾಯಿ ಉಂಟಾ ಮಾರಾಯ್ರೇ? ಅದಕ್ಕೇ ನಾನು ಮೊದಲು ತಿನ್ನುವುದು" ಎನ್ನುತ್ತಿದ್ದರು.

ಒಮ್ಮೆ ನನ್ನ ಮಲ್ಲಿಗೆ ಎಲೆಯೆಲ್ಲ ಹಳದಿಯಾಗಿ ಮೊಗ್ಗು ನಿಂತೇಹೋಯಿತು. ನೆನೆಸಿದ ಹಿಂಡಿಯ ಪಾತ್ರೆಯ ತಳದಲ್ಲಿ ನೋಡಿದರೆ ಹೊಯ್ಗೆ. ನನ್ನ ಬಾಯಿ ಮೊದಲಿನಿಂದಲೂ ಜೋರು. ನೆಟ್ಟಗೆ ಅಂಗಡಿಗೆ ಹೋಗಿ ಎಲ್ಲ ಗಿರಾಕಿಗಳೆದುರು ಕೇಳಿದೆ: "ಎಂತ ಅಣ್ಣ, ನೀವು ಹಿಂಡಿ ಮಾರುವುದೋ ಹೊಯ್ಗೆ ಮಾರುವುದೋ?"

ಅಣ್ಣನ ಮುಖ ಇಷ್ಟು ಸಣ್ಣದಾಯಿತು. "ಆ ವಾರ ನನಗೆ ಜ್ವರ ಇತ್ತು ಬಾಯಮ್ಮ. ಕಚ್ಚಿ ನೋಡಲಿಲ್ಲ. ತಪ್ಪು ನನ್ನದೇ" ಎಂದರು. ಆಮೇಲೆ, "ನಾಳೆ ಮಂಗಳೂರಿನ ಮಿಲ್ಲಿಗೆ ಹೋಗುವ. ನೀವೂ ಬನ್ನಿ. ನಿಮ್ಮ ಕಣ್ಣೆದುರೇ ನೋಡಿ ತರುವ" ಎಂದರು. ಅದುವರೆಗೆ ಮೂಟೆಗಳು ಲಾರಿಯಲ್ಲಿ ಅಂಗಡಿಗೇ ಬರುತ್ತಿದ್ದವು, ಅಣ್ಣನೂ ಆ ಮಿಲ್ಲು ಕಂಡವರಲ್ಲ. ನಾನು ಹೋಗಬೇಕಾಗಿರಲಿಲ್ಲ. ಹಟಕ್ಕೆ ಹೋದೆ.

ಅವರ ಮೆಟಡೋರ್‌ನಲ್ಲಿ ನಾವು ಮೂವರು: ಅಣ್ಣ, ನಾನು, ಕಾರ್ಕಳ ಕಡೆಯ ಡ್ರೈವರು. ಮಿಲ್ಲಿನಲ್ಲಿ ಅಣ್ಣ ಒಂದೊಂದು ಮೂಟೆಯನ್ನೂ ಕಚ್ಚಿ ನೋಡಿದರು. ನನ್ನ ಕೈಗೂ ಒಂದು ಚೂರು ಕೊಟ್ಟು, "ನೀವೇ ಹೇಳಿ ಟೀಚರ್" ಎಂದರು. ಕಚ್ಚಿದೆ. ಕರಕರ ಇರಲಿಲ್ಲ. ಇಬ್ಬರೂ ನಕ್ಕೆವು. ರಾಜಿಯಾಯಿತು.

ಮಿಲ್ಲಿಗೂ ದೊಡ್ಡ ರಸ್ತೆಗೂ ನಡುವೆ ರೈಲು ಹಳಿ ಇತ್ತು. ಗೇಟಿಲ್ಲ, ಕಾವಲಿಗೆ ಜನ ಇಲ್ಲ, ಬಣ್ಣ ಹೋದ ಒಂದು ಬೋರ್ಡು ಅಷ್ಟೇ. ಬರುವಾಗ ಖಾಲಿ ಗಾಡಿ ಸಲೀಸಾಗಿ ದಾಟಿತ್ತು. ಈಗ ಲೋಡು, ಮೇಲಾಗಿ ಹಳಿಯ ಹತ್ತಿರ ಸಣ್ಣ ಏರು. ಅಣ್ಣ ಇಳಿದು ಮುಂದೆ ಹೋಗಿ, ಗಾಡಿಗೆ ದಾರಿ ಬಿಟ್ಟು ಒಂದು ಪಕ್ಕಕ್ಕೆ ಹಳಿಯ ನಡುವೆ ನಿಂತರು. ಅಷ್ಟು ಹೊತ್ತಿಗೆ ತಿರುವಿನಲ್ಲಿ ರೈಲು ಕಂಡಿತು.

ಅಣ್ಣ ಕೈ ಎತ್ತಿದರು. ಅದೇ ಬೆಳ್ಳಗಿನ ಕೈ.

ರೈಲು ಉದ್ದಕ್ಕೆ ಹಾರ್ನ್ ಹಾಕಿತು. ಅಣ್ಣ ಸಮಾಧಾನದಿಂದ ಕೈ ಇಳಿಸಿ, ಬೆನ್ನು ತಿರುಗಿಸಿ, "ಬರ್ಲಿ, ಬರ್ಲಿ" ಎಂದು ನಮ್ಮನ್ನು ಕರೆದರು.

ಡ್ರೈವರು ಬ್ರೇಕಿನಿಂದ ಕಾಲು ತೆಗೆಯಲಿಲ್ಲ. "ಅದು ನಿಲ್ತದಾ ಬಾಯಮ್ಮ?" ಎಂದು ಕೇಳಿದ.

"ಹಾರ್ನ್ ಹಾಕಿದ ಅಲ್ವಾ? ನಿಲ್ತದೆ. ಹೋಗಿ ಮಾರಾಯ್ರೇ, ಹೋಗಿ" ಎಂದೆ ನಾನು.

ಗಾಡಿ ಗುರುಗುಡುತ್ತ ಏರಿತು, ದಾಟಿತು. ಹಿಂದಿನ ಚಕ್ರ ಹಳಿಯಿಂದ ಇಳಿಯುವವರೆಗೆ ಅಣ್ಣ ಅಲ್ಲೇ ನಿಂತಿದ್ದರು. ಹೆದ್ದಾರಿಯಲ್ಲೂ ಅವರು ಹಾಗೆಯೇ ನಿಲ್ಲುವುದು. ನಾನು ಕಿಟಕಿಯಿಂದ ತಲೆ ಹೊರಹಾಕಿ ಹಿಂದೆ ನೋಡಿದೆ. ಅಣ್ಣ ತಿರುಗಿದರು. ಇನ್ನೊಮ್ಮೆ ಕೈ ಎತ್ತಿದರು. ಮುಖದಲ್ಲಿ ಹೆದರಿಕೆ ಇರಲಿಲ್ಲ. ಗುರುತಿನವರು ಎದುರು ಸಿಕ್ಕಿ ಮಾತಾಡಿಸದೆ ಹೋದರೆ ಆಗುತ್ತದಲ್ಲ, ಆ ಆಶ್ಚರ್ಯ.

ಅಯ್ಯೋ ದೇವರೇ! ಆಮೇಲೆ ಕಂಡದ್ದನ್ನು ನಾನು ಬರೆಯುವುದಿಲ್ಲ. ರೈಲು ನಿಂತಿತು, ಎಷ್ಟೋ ದೂರ ಹೋಗಿ ನಿಂತಿತು. ಅಷ್ಟು ದೊಡ್ಡದು ಬ್ರೇಕ್ ಹಾಕಿದಲ್ಲೇ ನಿಲ್ಲುವುದಿಲ್ಲ, ಅದರ ಹಾರ್ನ್ ಎಂದರೆ ಸರಿ ಎಂದಲ್ಲ, ಸರಿದುಕೋ ಎಂದು. ಇದನ್ನು ಅಲ್ಲಿ ಸೇರಿದ ಮಂಗಳೂರಿನವರು ಹೇಳಿದರು. ಮಕ್ಕಳಿಗೂ ಗೊತ್ತಿರುವ ವಿಷಯ ಎಂಬಂತೆ ಹೇಳಿದರು. ನಮಗೆ ಗೊತ್ತಿರಲಿಲ್ಲ. ನಾನು ಗಾಡಿಯ ಪಕ್ಕದಲ್ಲಿ ಕೂತುಬಿಟ್ಟೆ. ಹಲ್ಲಿನ ಸಂದಿಯಲ್ಲಿ ಇನ್ನೂ ಆ ಹಿಂಡಿಯ ರುಚಿ ಇತ್ತು.

ಅಣ್ಣ ಹೋದ ಮೂರನೆಯ ದಿನ ಅವರ ಹೆಂಡತಿ ನಮ್ಮಿಬ್ಬರನ್ನೂ ಕೂರಿಸಿ ಕೇಳಿದರು: "ರೈಲು ಬರುವುದು ಕಂಡೂ ಗಾಡಿ ಯಾಕೆ ಬಿಟ್ಟದ್ದು?" ಡ್ರೈವರು ನನ್ನ ಮುಖ ನೋಡಿದ. ನಾನು ನೆಲ ನೋಡಿದೆ. ಇಷ್ಟು ಜೋರಿನ ಬಾಯಿ, ಅವತ್ತು ತೆರೆಯಲಿಲ್ಲ. "ನಿಲ್ತದೆ ಅಂತ ನನಗೆ ಕಂಡಿತು ಅಮ್ಮ" ಎಂದ ಅವನು. ಕಾಪುವಿನಲ್ಲಿ ಅವನನ್ನು ಬೈಯದವರಿಲ್ಲ. ಕಾರ್ಕಳಕ್ಕೆ ವಾಪಸು ಹೋದ, ಮತ್ತೆ ಸ್ಟೇರಿಂಗ್ ಹಿಡಿಯಲಿಲ್ಲ ಎಂದು ಕೇಳಿದೆ. ಎಂಬತ್ತರ ದಶಕದಲ್ಲಿ ಒಮ್ಮೆ ಅವನನ್ನು ಹುಡುಕಿಕೊಂಡು ಕಾರ್ಕಳದ ಬಸ್ ಸ್ಟ್ಯಾಂಡಿನವರೆಗೆ ಹೋಗಿ, ಚಾ ಕುಡಿದು ತಿರುಗಿ ಬಂದೆ.

ಅವತ್ತು ತಂದ ಹಿಂಡಿಗೆ ನನ್ನ ಮಲ್ಲಿಗೆ ಚಿಗುರಿತು. ಅಣ್ಣನ ಹೆಂಡತಿಯೂ ಈಗಿಲ್ಲ. ಇನ್ನಂಜೆಗೇ ರೈಲು ಬಂದಿದೆ; ಹಾರ್ನ್ ಕೇಳಿದಾಗ ಕೈಯಲ್ಲಿದ್ದ ಹೂ ಹಾಗೆಯೇ ನಿಲ್ಲುತ್ತದೆ. ಡ್ರೈವರು ಹೆದರಿದ್ದ. ಹೋಗಿ ಎಂದವಳು ನಾನು. ಬೇಡ, ನಿಲ್ಲಿ ಎಂದಿದ್ದರೆ ಅಣ್ಣ ಹಳಿ ಬಿಟ್ಟು ಕಿಟಕಿಯ ಹತ್ತಿರ ಬಂದು, "ಎಂತ ಬಾಯಮ್ಮ, ಇಷ್ಟು ಹೆದರುವುದಾ?" ಎಂದು ಗೇಲಿ ಮಾಡುತ್ತಿದ್ದರು. ಅಷ್ಟೇ ಆಗುತ್ತಿದ್ದದ್ದು.