ಅಣ್ಣ ಬೆರಳಲ್ಲಿ ಅಳೆದ ಎಣ್ಣೆ

ನಮ್ಮಣ್ಣನನ್ನು ಊರೆಲ್ಲ ಕರೆಯುವುದು ಗಟ್ಟಿಯಣ್ಣ ಎಂದು. ಆಳು ಗಟ್ಟಿಯೆಂದಲ್ಲ, ನೋಡಿದರೆ ಗಾಳಿಗೆ ಹಾರಿಹೋಗುವ ಹಾಗಿದ್ದಾನೆ. ಯಾವ ಗಾಡಿ ಬಂದು ನಿಂತರೂ, ಬಾನೆಟ್ ಎತ್ತುವ ಮೊದಲೇ "ಗಟ್ಟಿ ಎಣ್ಣೆ ಹಾಕ್ಬಿಡೋಣ" ಎನ್ನುವುದು ಅವನ ಅಭ್ಯಾಸ. ಅದೇ ಹೆಸರಾಗಿ ಅಂಟಿಕೊಂಡಿತು.

ಒಂದೇ ತಗಡಿನ ಶೆಡ್ಡನ್ನು ನಾವಿಬ್ಬರೂ ಹಂಚಿಕೊಂಡಿದ್ದೇವೆ. ಆ ಕಡೆ ಅವನ ಗ್ಯಾರೇಜು, ಈ ಕಡೆ ನನ್ನ ಹೊಲಿಗೆ ಯಂತ್ರ. ನಾನು ಕಾರಿನ ಸೀಟುಗಳಿಗೆ ಕವರು ಹೊಲಿಯುತ್ತೇನೆ. ನಡುವೆ ಇರುವುದು ಒಂದು ಪ್ಲೈವುಡ್ ಹಲಗೆ. ಅವನು ಕೆಮ್ಮಿದರೂ ನನಗೆ ಕೇಳುತ್ತದೆ, ನಾನು ಬೈದರೂ ಅವನಿಗೆ ಕೇಳುತ್ತದೆ. ಕಿವಿಗೆ ಹಾಕಿಕೊಳ್ಳುವುದಿಲ್ಲ, ಅದು ಬೇರೆ ಮಾತು.

ಎಣ್ಣೆಯನ್ನು ಅವನು ನೋಡಿ ತಿಳಿಯುತ್ತಿರಲಿಲ್ಲ, ಮುಟ್ಟಿ ತಿಳಿಯುತ್ತಿದ್ದ. ಹೆಬ್ಬೆರಳ ಮೇಲೆ ಒಂದು ಹನಿ ಬಿಟ್ಟುಕೊಂಡು, ತೋರುಬೆರಳಿನಿಂದ ಉಜ್ಜಿ, ಕಣ್ಣು ಮುಚ್ಚಿ ನಿಂತುಬಿಡುತ್ತಿದ್ದ. ಗಾಡಿಯವರು ಬಾಯಿ ಬಿಟ್ಟುಕೊಂಡು ಕಾಯುತ್ತಿದ್ದರು. ಅವನು ಹೇಳಿದ್ದು ಆ ಕಾಲಕ್ಕೆ ಸುಳ್ಳಲ್ಲ, ಇಲ್ಲವೆಂದರೆ ನನ್ನ ನಾಲಿಗೆಗೆ ಹುಳ ಬೀಳಲಿ. ಹಳೆಯ ಎಂಜಿನ್ನುಗಳು ಸವೆದು, ಭಾಗಗಳ ನಡುವಿನ ಸಂದು ಅಗಲವಾಗಿರುತ್ತಿತ್ತು. ಗಟ್ಟಿ ಎಣ್ಣೆ ಆ ಸಂದಿನಲ್ಲಿ ನಿಲ್ಲುತ್ತಿತ್ತು, ಗಾಡಿ ಇನ್ನಷ್ಟು ವರ್ಷ ಓಡುತ್ತಿತ್ತು.

ಆಮೇಲೆ ಹೊಸ ಗಾಡಿಗಳು ಬಂದವು. ಅವುಗಳ ಸಂದು ಕೂದಲೆಳೆಯಷ್ಟು, ಎಣ್ಣೆ ಹರಿಯುವ ದಾರಿಯೂ ಅಷ್ಟೇ ಸಣ್ಣದು. ಅವಕ್ಕೆ ತೆಳು ಎಣ್ಣೆಯೇ ಬೇಕು. ಅಣ್ಣ ಮಾತ್ರ ತನ್ನ ಗಟ್ಟಿ ಎಣ್ಣೆಯ ಪೀಪಾಯಿ ಬಿಡಲಿಲ್ಲ. ಗಿರಾಕಿಗಳು ಜಗಳವನ್ನೇನೂ ಆಡಲಿಲ್ಲ, ಸುಮ್ಮನೆ ಬರುವುದನ್ನು ನಿಲ್ಲಿಸಿದರು. ಕೊನೆಗೆ ಉಳಿದದ್ದು ಒಂದೇ ಗಾಡಿ, ಅವನ ಮಗಳದು.

ಅತ್ತಿಗೆ ತೀರಿಕೊಂಡ ಮೇಲೆ ನನ್ನ ಕೈಯಲ್ಲೇ ಬೆಳೆದ ಹುಡುಗಿ ಅವಳು. ಸ್ವಂತ ಕಾರಿಟ್ಟುಕೊಂಡು, ಗುಡ್ಡದ ಮೇಲಿನ ಬಡಾವಣೆಯ ರೋಗಿಗಳನ್ನು ದೊಡ್ಡಾಸ್ಪತ್ರೆಗೆ ಮುಟ್ಟಿಸುತ್ತಿದ್ದಳು. ಅವಳ ಕಾರೂ ಬರುವುದು ನಿಂತರೆ ಅಪ್ಪ ಬೆಳಗ್ಗೆ ಎದ್ದು ಯಾವ ಮುಖ ಹೊತ್ತು ಶೆಡ್ಡಿಗೆ ಬರಬೇಕು? ಅದಕ್ಕೇ ಅವಳು ಕಂಪನಿಯ ವರ್ಕ್‌ಶಾಪ್ ಬಿಟ್ಟು ಇಲ್ಲಿಗೆ ಬರುತ್ತಿದ್ದಳು. ಆದರೆ ಎಣ್ಣೆಯ ಡಬ್ಬಿಯನ್ನು ತಾನೇ ತರುತ್ತಿದ್ದಳು.

ಹೋದ ಚಳಿಗಾಲಕ್ಕೆ ಮುಂಚೆ ತಂದ ಡಬ್ಬಿಯನ್ನು ಅಣ್ಣ ತೆರೆದು, ಹನಿ ಬಿಟ್ಟುಕೊಂಡು ಉಜ್ಜಿದ.

"ಇದು ಎಣ್ಣೆ ಅಲ್ಲಮ್ಮ, ನೀರು. ಯಾರೋ ನಿಂಗೆ ಚೆನ್ನಾಗಿ ಟೋಪಿ ಹಾಕಿದ್ದಾರೆ."

"ಸೊನ್ನೆ ಡಬ್ಲ್ಯೂ ಇಪ್ಪತ್ತು ಅಪ್ಪ. ಮೊದಲನೇ ಅಂಕಿ ಚಳಿಗೆ, ಆಮೇಲಿಂದು ಬಿಸಿಗೆ. ಚಳೀಲಿ ಬೇಗ ಹರೀಬೇಕು, ಅದಕ್ಕೇ ಸೊನ್ನೆ. ಎಂಜಿನ್ನಿನ ಎಣ್ಣೆ ಮುಚ್ಚಳದ ಮೇಲೇ ಕೆತ್ತಿದ್ದಾರೆ ನೋಡು."

"ಮುಚ್ಚಳಕ್ಕೇನು ಗೊತ್ತು? ರಸ್ತೆ ಮೇಲೆ ಓಡೋದು ಮುಚ್ಚಳಾನಾ?"

ಅವಳು ನಕ್ಕು, "ಅದನ್ನೇ ಹಾಕಪ್ಪ, ಆಯ್ತಾ" ಎಂದು ಹೇಳಿ ನನ್ನ ಕಡೆಗೆ ಚಹಾಕ್ಕೆ ಬಂದಳು. ಅವಳ ಬೆನ್ನು ತಿರುಗುವುದನ್ನೇ ಕಾಯುತ್ತಿದ್ದ ಪುಣ್ಯಾತ್ಮ ಡಬ್ಬಿಯನ್ನು ಬೆಂಚಿನ ಕೆಳಗೆ ತಳ್ಳಿ, ತನ್ನ ಪೀಪಾಯಿಯಿಂದ ಗಟ್ಟಿ ಎಣ್ಣೆ ತುಂಬಿದ. ನನಗೆ ಇದು ಗೊತ್ತಾದದ್ದು ಎಲ್ಲ ಮುಗಿದ ಮೇಲೆ. ಮಗಳ ಮೇಲಿನ ಪ್ರೀತಿಗೇ ಮಾಡಿದ, ಅದರಲ್ಲಿ ಎರಡು ಮಾತಿಲ್ಲ. ಅಂಥ ಪ್ರೀತಿಗೆ ಏನು ಹೇಳಬೇಕೋ ನನಗೆ ಇವತ್ತಿಗೂ ತಿಳಿಯದು.

ಚಳಿ ಬಿತ್ತು. ಬೆಳಗ್ಗೆ ಕಾರು ಹೊರಡಿಸಿದರೆ ಸ್ವಲ್ಪ ಹೊತ್ತು ಒಳಗಿಂದ ಕಟಕಟ ಸದ್ದು. ಅವಳು ಅಪ್ಪನಿಗೆ ಹೇಳಿದಳು.

"ಈ ಚಳಿಗೆ ನನ್ನ ಹಲ್ಲೂ ಕಟಕಟ ಅನ್ನುತ್ತೆ. ಬಿಸಿಯಾದ್ರೆ ಸರಿಹೋಗುತ್ತೆ ಬಿಡು" ಎಂದ ಅವನು.

ಒಂದು ಮುಂಜಾನೆ, ಹೆರಿಗೆ ನೋವು ಬಂದ ಹೆಂಗಸನ್ನು ಕೂರಿಸಿಕೊಂಡು ಹೋಗುವಾಗ, ದಾರಿಯ ನಡುವಿನ ಒಂದು ಏರಿನಲ್ಲಿ ಕಾರು ಹೊಗೆ ಕಾರಿ ನಿಂತುಬಿಟ್ಟಿತು. ಆ ಕೊರೆಯುವ ಚಳಿಯಲ್ಲಿ ಬಸುರಿಯನ್ನು ರಸ್ತೆಬದಿಯ ಕಲ್ಲಿನ ಮೇಲೆ ಕೂರಿಸಿ, ತನ್ನ ಸ್ವೆಟರ್ ಬಿಚ್ಚಿ ಹೊದಿಸಿ, ಸಿಕ್ಕ ಸಿಕ್ಕ ಗಾಡಿಗೆ ಕೈ ಅಡ್ಡ ಹಿಡಿದಳಂತೆ ನಮ್ಮ ಹುಡುಗಿ. ಕೊನೆಗೆ ಹಾಲಿನ ವ್ಯಾನಿನವನು ಹತ್ತಿಸಿಕೊಂಡ. ತಾಯಿ ಮಗು ಇಬ್ಬರೂ ಉಳಿದರು, ಯಾರ ಪುಣ್ಯವೋ. ಆದರೆ ಸುದ್ದಿ ಗುಡ್ಡವೆಲ್ಲ ಹಬ್ಬಿತು. ಮಾರನೆಯ ದಿನದಿಂದ ಅವಳ ಫೋನು ಬಡಿದುಕೊಳ್ಳುವುದು ನಿಂತಿತು.

ಕಂಪನಿಯ ವರ್ಕ್‌ಶಾಪಿಗೆ ಅವಳ ಜೊತೆ ನಾನೂ ಹೋಗಿದ್ದೆ. ಎಂಜಿನ್ನಿಗೆ ಗಾಳಿ ತುಂಬುವ ಸಣ್ಣ ಚಕ್ರ, ಟರ್ಬೊ ಎನ್ನುತ್ತಾರೆ, ಅದು ಸುಟ್ಟುಹೋಗಿತ್ತು. ಅಲ್ಲಿನ ಮೆಕ್ಯಾನಿಕ್ ಅದನ್ನು ಬಿಚ್ಚಿ ತೋರಿಸಿದ.

"ಎಣ್ಣೆ ಇಲ್ಲಿಗೆ ಹೊತ್ತಿಗೆ ಸರಿಯಾಗಿ ಬಂದಿಲ್ಲ. ಈ ಗಾಡಿಗೆ ಇಷ್ಟು ಗಟ್ಟಿ ಎಣ್ಣೆ ಹಾಕಿದ್ದು ಯಾರು?"

"ನಾನೇ" ಎಂದಳು ಅವಳು.

ಹೊರಗೆ ಬಂದದ್ದೇ ನಾನು ಶುರು ಹಚ್ಚಿಕೊಂಡೆ. "ಆ ಮುದುಕನ ಹಟಕ್ಕೆ ನೀನ್ಯಾಕೆ ತಲೆ ಕೊಡ್ತೀಯ? ಇವತ್ತು ಅವನಿಗೆ ಗ್ರಹಚಾರ ಬಿಡಿಸ್ತೀನಿ."

"ಬೇಡ ಅತ್ತೆ. ನಾನು ದುಡಿಮೆ ಕಳ್ಕೊಂಡಿದ್ದು ಅಪ್ಪನಿಂದ ಅಂತ ಗೊತ್ತಾದ್ರೆ, ಅವರು ಮತ್ತೆ ಸ್ಪಾನರ್ ಮುಟ್ಟಲ್ಲ. ಕಂಪನಿ ಮಾಲೇ ಸರಿ ಇರ್ಲಿಲ್ಲ ಅಂತ ಹೇಳೋಣ. ನನ್ನಾಣೆ, ನೀನು ಬಾಯಿ ಬಿಡಬಾರದು."

ಆಣೆ ಹಾಕಿ ನನ್ನ ಬಾಯಿಗೆ ಬೀಗ ಜಡಿದಳು. ಕಸ ಗುಡಿಸುವಾಗ ಬೆಂಚಿನ ಕೆಳಗೆ ಅವಳು ತಂದಿದ್ದ ಆ ತುಂಬಿದ ಡಬ್ಬಿ ಸಿಕ್ಕಾಗಲೂ ಅದನ್ನು ಇದ್ದಲ್ಲೇ ಒಳಗೆ ತಳ್ಳಿದೆ. ಅಣ್ಣನೋ, ಸುಟ್ಟ ಟರ್ಬೊ ತರಿಸಿಕೊಂಡು ಕಿಟಕಿಯ ಬಳಿ ತಿರುಗಿಸಿ ತಿರುಗಿಸಿ ನೋಡಿದ. ಎಣ್ಣೆ ಸಿಗದೆ ಕಾದು ನೀಲಿಗಟ್ಟಿದ ಅದರ ಕಡ್ಡಿಯ ಮೇಲೆ ಬೆರಳಾಡಿಸಿದ. "ಕಂಪನಿ ಮಾಲು, ಇನ್ನೇನು" ಎಂದು ಅದನ್ನು ಕಪಾಟಿನ ಮೇಲಿಟ್ಟ. ಇಷ್ಟಾದರೂ ಈ ಮನುಷ್ಯನಿಗೆ ಬುದ್ಧಿ ಬರಲಿಲ್ಲವಲ್ಲ ಎಂದು ನಾನು ಹಲ್ಲು ಕಚ್ಚಿಕೊಂಡೆ. ಅವತ್ತಿನಿಂದ ಅವನ ಮಾತು ಕಡಿಮೆಯಾಯಿತು. ಅದಕ್ಕೂ ವಯಸ್ಸೇ ಕಾರಣವೆಂದುಕೊಂಡೆ.

ಹುಡುಗಿ ಬೇರೆಯವರ ಗಾಡಿ ಓಡಿಸಿ, ತನ್ನ ಕಾರನ್ನು ಮೆಲ್ಲಗೆ ರಿಪೇರಿ ಮಾಡಿಸಿಕೊಂಡಳು. ಬೇಸಿಗೆಯ ಹೊತ್ತಿಗೆ ಮತ್ತೆ ಎಣ್ಣೆ ಬದಲಿಸುವ ಸಮಯ ಬಂತು. ಅವಳು ಕಾರನ್ನು ತಂದು ಶೆಡ್ಡಿನ ಮುಂದೆಯೇ ನಿಲ್ಲಿಸಿದಳು. ಈ ಸಲ ಕೈಯಲ್ಲಿ ಡಬ್ಬಿಯಿಲ್ಲ.

"ಅಪ್ಪ, ಎಣ್ಣೆ ನೀನೇ ನೋಡಿ ಹಾಕು."

ನನ್ನ ಕಡೆ ಬಂದು ಪಿಸುಗುಟ್ಟಿದಳು. "ಹಾಕ್ಲಿ ಬಿಡು ಅತ್ತೆ. ಇಲ್ಲಿಂದ ಸೀದಾ ಹಿಂದಿನ ಬೀದಿ ಗ್ಯಾರೇಜಿಗೆ ಹೋಗಿ ಬಸಿದು, ಸರಿಯಾದ್ದು ತುಂಬಿಸ್ತೀನಿ. ಅಷ್ಟು ದೂರಕ್ಕೆ ಏನೂ ಆಗಲ್ಲ."

ಹಲಗೆಯ ಆಚೆ ಎಣ್ಣೆ ಸುರಿಯುವ ಸದ್ದು ಕೇಳಿತು. ನಾವಿಬ್ಬರೂ ಆ ಕಡೆ ನೋಡಲಿಲ್ಲ. ಅಣ್ಣ ಬಾನೆಟ್ ಮುಚ್ಚಿ ಅದರ ಮೇಲೆ ಒಂದು ಸಲ ಬಟ್ಟೆಯಾಡಿಸಿದ. ಅವಳು ಹೊರಡುವಾಗ "ನಿಧಾನಕ್ಕೆ ಹೋಗು" ಎಂದ, ಅಷ್ಟೇ.

ಹಿಂದಿನ ಬೀದಿಯ ಗ್ಯಾರೇಜಿಗೆ ನಾನೂ ಅವಳ ಜೊತೆ ಹೋದೆ. ಅಲ್ಲಿಯವನು ಕಾರಿನ ಕೆಳಗೆ ತಟ್ಟೆಯಿಟ್ಟು ಬೋಲ್ಟು ಬಿಚ್ಚಿದ. ಅವನ ತಟ್ಟೆಯೋ, ಹಳೆಯ ಕರಿ ಎಣ್ಣೆ, ಕೆಸರು, ಮರಳು ತುಂಬಿಕೊಂಡದ್ದು. ತೂತಿನಿಂದ ಎಣ್ಣೆ ಬಿದ್ದದ್ದನ್ನು ನೋಡಿ ನಾನು ಬಗ್ಗಿದೆ. ಅಣ್ಣನ ಪೀಪಾಯಿಯ ಎಣ್ಣೆ ನನಗೆ ಗೊತ್ತಿಲ್ಲವೇ, ಪಾಕದ ಹಾಗೆ ಎಳೆಯಾಗಿ ಇಳಿಯುವಂಥದ್ದು. ಇದು ಹೊಂಬಣ್ಣದ್ದು, ತೆಳ್ಳಗೆ, ಸರ್ರನೆ ಹರಿದು ತಟ್ಟೆಯ ಕರಿಯೊಳಗೆ ಕಲೆತುಹೋಗುತ್ತಿತ್ತು.

ಗ್ಯಾರೇಜಿನವನು ತಲೆ ಕೆರೆದುಕೊಂಡ. "ಸೊನ್ನೆ ಇಪ್ಪತ್ತೇ ಅಲ್ವಾ ಇದು? ಹೊಸದು ಬೇರೆ. ಇದನ್ಯಾಕೆ ತೆಗೆಸಿದ್ರಿ?"

ಹುಡುಗಿ ಕೆಳಗೆ ಕೂತು ಧಾರೆಗೆ ಕೈಯೊಡ್ಡಿದಳು. ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಉಜ್ಜಿ ನೋಡಿದಳು, ಥೇಟ್ ಅಪ್ಪನ ಹಾಗೇ. ಅವಳ ಮುಖ ನೋಡಲು ನನ್ನಿಂದಾಗಲಿಲ್ಲ. "ಬೋಲ್ಟ್ ಹಾಕ್ರೀ, ನಿಲ್ಸಿ" ಎಂದು ನಾನೇ ಹೇಳಿದೆ. ಅಷ್ಟರಲ್ಲಿ ಧಾರೆ ಹನಿಗೆ ಬಂದಿತ್ತು.

ಆ ಕಲಬೆರಕೆಯನ್ನು ಮತ್ತೆ ಎಂಜಿನ್ನಿಗೆ ಹಾಕುವಂತಿರಲಿಲ್ಲ. ಅಂಥದ್ದೇ ಹೊಸ ಡಬ್ಬಿ ತುಂಬಿಸಿಕೊಂಡು ಹಿಂತಿರುಗಿದೆವು. ದಾರಿಯಲ್ಲಿ ಅವಳು ಒಂದೇ ಮಾತು ಕೇಳಿದಳು. "ಅಪ್ಪ ಯಾಕತ್ತೆ ಹೇಳ್ಲಿಲ್ಲ?"

ಅಣ್ಣ ಶೆಡ್ಡಿನ ಬಾಗಿಲಲ್ಲೇ ನಿಂತಿದ್ದ. ಕಪಾಟಿನ ಮೇಲೆ, ಸುಟ್ಟ ಟರ್ಬೊದ ಪಕ್ಕದಲ್ಲಿ, ಬೆಂಚಿನ ಕೆಳಗಿದ್ದ ಆ ಡಬ್ಬಿ ಖಾಲಿಯಾಗಿ ಕೂತಿತ್ತು.

"ಗಾಡಿ ಹೇಗಿದೆ ಈಗ?" ಎಂದು ಕೇಳಿದ.

"ಚೆನ್ನಾಗಿದೆ ಅಪ್ಪ. ನೀನು ಹಾಕಿದ ಎಣ್ಣೆ ಸರಿಯಾಗಿ ಹೊಂದಿಕೊಂಡಿದೆ" ಎಂದಳು ಮಗಳು.

ಅವನು ಸಮಾಧಾನದಿಂದ ತಲೆಯಾಡಿಸಿ, ಒಳಗೆ ಹೋಗಿ ಕೈ ತೊಳೆದುಕೊಂಡ.