ಎರಡು ರಾಜ್ಯ, ಒಂದು ಮೀಸೆ

ಅಮೆರಿಕದ ಜಾರ್ಜಿಯಾ ರಾಜ್ಯದ ಅಲ್ಫರೆಟಾ ಊರಿನ ರಾಮಲಿಂಗಪ್ಪನವರ ಬಗ್ಗೆ ಏನು ಹೇಳಲು ಹೊರಟರೂ ಮೀಸೆಯಿಂದಲೇ ಶುರು ಮಾಡಬೇಕು. ಮೈಸೂರಿನಲ್ಲಿ ಪಾಲಿಟೆಕ್ನಿಕ್ ಓದುವಾಗ, ಹತ್ತೊಂಬತ್ತನೆಯ ವಯಸ್ಸಿಗೆ ಬಿಟ್ಟ ಮೀಸೆ ಅದು. ಐವತ್ತೆಂಟು ತುಂಬಿದರೂ ಒಂದು ದಿನ ಇಳಿದಿರಲಿಲ್ಲ. ದಪ್ಪಗೆ, ಎರಡೂ ತುದಿ ಮೇಲಕ್ಕೆ ತಿರುಗಿಕೊಂಡು, ತಿಂಗಳಿಗೊಮ್ಮೆ ಡೈ ಹಚ್ಚಿಸಿಕೊಂಡು, ಯಜಮಾನನಿಗಿಂತ ಮೊದಲು ಅದೇ ಬಾಗಿಲಿಗೆ ಬರುತ್ತಿತ್ತು. ಮೀಸೆಯಿಲ್ಲದ ರಾಮಲಿಂಗಪ್ಪನನ್ನು ಹೆಂಡತಿ ಊರ್ಮಿಳಾ ಕಂಡವರಲ್ಲ. ಒಬ್ಬಳೇ ಮಗಳು ನಿಧಿ ಕೇಳಿಯೂ ಬಲ್ಲವಳಲ್ಲ. ಆ ನಿಧಿಗೆ ಮೇಲ್ದುಟಿಯ ಎಡಗಡೆ ಎಳ್ಳುಕಾಳಿನಷ್ಟು ಒಂದು ಮಚ್ಚೆಯಿತ್ತು. ನಮ್ಮ ಸೋದರತ್ತೆಗೆ ಹೀಗೇ ಇತ್ತು, ಇದು ನಮ್ಮ ಕಡೆಯಿಂದ ಬಂದದ್ದು ಎಂದು ಊರ್ಮಿಳಾ ಇಪ್ಪತ್ತಾರು ವರ್ಷದಿಂದ ಹೇಳಿಕೊಂಡು ಬಂದಿದ್ದರು. ಗಂಡನಿಗೆ ಎದುರು ಹೇಳಲು ಸಾಕ್ಷಿಯಿರಲಿಲ್ಲ.

ಮೀಸೆ ಬಿಟ್ಟರೆ ಅವರ ಇನ್ನೊಂದು ಜಂಬ ಚುನಾವಣೆಯ ಭವಿಷ್ಯ. ಈ ಚಟ ಅಪ್ಪನಿಂದ ಬಂದದ್ದು. ಅಪ್ಪನಿಗೆ ಮೈಸೂರಿನ ಅಗ್ರಹಾರದಲ್ಲಿ ಸೈಕಲ್ ಶಾಪು. ಸುತ್ತಲ ಹಳ್ಳಿಯವರೆಲ್ಲ ಪಂಕ್ಚರ್ ಹಾಕಿಸಲು ಅಲ್ಲಿಗೇ ಬರುತ್ತಿದ್ದರು. ಅಪ್ಪ ಟ್ಯೂಬನ್ನು ನೀರಿನಲ್ಲಿ ಅದ್ದಿ ಗುಳ್ಳೆ ನೋಡುತ್ತಲೇ ಚುನಾವಣೆಯ ಮಾತು ತೆಗೆಯುತ್ತಿದ್ದರು. ನೀವು ಯಾರಿಗೆ ಹಾಕುತ್ತೀರಿ ಎಂದು ಯಾರನ್ನೂ ಕೇಳುತ್ತಿರಲಿಲ್ಲ, ಪಕ್ಕದ ಮನೆಯವರು ಯಾರಿಗೆ ಹಾಕುತ್ತಾರೆ ಎಂದು ಕೇಳುತ್ತಿದ್ದರು. ತನ್ನ ವಿಷಯದಲ್ಲಿ ಸುಳ್ಳು ಹೇಳುವವನೂ ಪಕ್ಕದ ಮನೆಯ ವಿಷಯಕ್ಕೆ ಬಂದರೆ ಸತ್ಯಹರಿಶ್ಚಂದ್ರನಾಗುತ್ತಾನೆ ಎಂಬುದು ಅವರು ಕಂಡುಕೊಂಡ ಗುಟ್ಟು. ತೊಂಬತ್ತೆಂಟರಲ್ಲಿ, ಎರಡು ಸಾವಿರದ ಇಸವಿ ಹುಟ್ಟಿದರೆ ಕಂಪ್ಯೂಟರುಗಳೆಲ್ಲ ಕೆಟ್ಟು ಕೂರುತ್ತವೆಂದು ಅಮೆರಿಕ ಗಾಬರಿಬಿದ್ದು ಕೋಬಾಲ್ ಎಂಬ ಹಳೆಯ ಕಂಪ್ಯೂಟರ್ ಭಾಷೆ ಬಲ್ಲವರನ್ನು ಕರೆಸಿಕೊಂಡಿತಲ್ಲ, ಆಗ ರಾಮಲಿಂಗಪ್ಪ ಅಟ್ಲಾಂಟಾಕ್ಕೆ ಬಂದರು. ಬಟ್ಟೆಬರೆಯ ಜೊತೆ ಈ ಗುಟ್ಟೂ ಬಂತು.

ಇಲ್ಲಿ ರಾಷ್ಟ್ರಾಧ್ಯಕ್ಷರ ಚುನಾವಣೆಯೆಂದರೆ ಐವತ್ತು ರಾಜ್ಯಗಳ ಲೆಕ್ಕ. ಹೆಚ್ಚುಕಡಿಮೆ ಎಲ್ಲ ಕಡೆಯೂ ಒಂದು ವೋಟಿನಲ್ಲಿ ಗೆದ್ದರೂ ಇಡೀ ರಾಜ್ಯ ಅವರದೇ. ಭವಿಷ್ಯ ಹೇಳುವವನಿಗೆ ಇದಕ್ಕಿಂತ ಹಬ್ಬ ಇನ್ನೇನು ಬೇಕು. ಎರಡು ಸಾವಿರದ ಇಪ್ಪತ್ತರ ಸೆಪ್ಟೆಂಬರಿನಲ್ಲೇ ಅವರು ಫ್ರಿಜ್ಜಿನ ಬಾಗಿಲಿಗೆ ದೇಶದ ನಕ್ಷೆ ಅಂಟಿಸಿ, ನಿಧಿಯ ಹಳೆಯ ಸ್ಕೆಚ್ ಪೆನ್ನು ಹುಡುಕಿ, ಒಂದು ಪಕ್ಷಕ್ಕೆ ಕೆಂಪು, ಇನ್ನೊಂದಕ್ಕೆ ನೀಲಿ ತುಂಬತೊಡಗಿದರು. ಅಂಚೆ ತರುವವನನ್ನು, ಹಲ್ಲಿನ ಡಾಕ್ಟರನ್ನು, ಹುಲ್ಲು ಕತ್ತರಿಸುವವನನ್ನು, ಮಾಸ್ಕಿನ ಮರೆಯಿಂದಲೇ, ಆರಡಿ ದೂರ ನಿಂತು, ನಿಮ್ಮ ಪಕ್ಕದ ಮನೆಯವರು ಏನನ್ನುತ್ತಾರೆ ಎಂದು ಕೇಳಿದರು. ಅಷ್ಟಕ್ಕೇ ಸುಮ್ಮನಿರದೆ ಕನ್ನಡದವರ ವಾಟ್ಸ್ಯಾಪ್ ಗುಂಪಿನಲ್ಲೂ ಸಮೀಕ್ಷೆ ನಡೆಸಿದರು. ಇನ್ನೂರ ಹನ್ನೆರಡು ಜನ ಉತ್ತರ ಕೊಟ್ಟರು. ರಾಮಲಿಂಗಪ್ಪ ಕುಣಿದಾಡುತ್ತಾ ಅದನ್ನು ಹೆಂಡತಿಗೆ ತೋರಿಸಿದರು.

"ಇವರಲ್ಲಿ ವೋಟಿರೋರು ಎಷ್ಟು ಜನ ರೀ?" ಎಂದರು ಊರ್ಮಿಳಾ, ಚಪಾತಿ ಲಟ್ಟಿಸುವುದನ್ನು ನಿಲ್ಲಿಸದೆ.

ಎಣಿಸಿ ನೋಡಿದರೆ ಮೂವತ್ತೊಂದು. ಉಳಿದವರೆಲ್ಲ ವೀಸಾದವರು, ಗ್ರೀನ್ ಕಾರ್ಡಿನವರು. ಸಮೀಕ್ಷೆಯಲ್ಲಿ ಅತಿ ಜೋರಾಗಿ ಜಗಳವಾಡಿದ ಹತ್ತು ಮಂದಿಯಲ್ಲಿ ಒಬ್ಬರಿಗೂ ವೋಟಿರಲಿಲ್ಲ. ರಾಮಲಿಂಗಪ್ಪ ಒಂದು ಗಂಟೆ ಮಂಕಾಗಿದ್ದು, ಆಮೇಲೆ ಮತ್ತೆ ಸ್ಕೆಚ್ ಪೆನ್ನು ಹಿಡಿದರು.

ಅದೇ ಹೊತ್ತಿಗೆ ನಿಧಿಯ ಮದುವೆ ಮಾತುಕತೆ ಕುದುರಿತ್ತು. ಹುಡುಗ ಚಿರಾಗ್, ನಾರ್ತ್ ಕ್ಯಾರೊಲಿನಾ ರಾಜ್ಯದ ಕ್ಯಾರಿ ಊರಿನವನು. ಹುಡುಗ ಹುಡುಗಿ ತಾವೇ ನೋಡಿ ಒಪ್ಪಿ, ಹೆತ್ತವರಿಗೆ ಆಮೇಲೆ ಸುದ್ದಿ ಕೊಟ್ಟಿದ್ದರು. ಹುಡುಗನ ತಂದೆ ತ್ಯಾಗರಾಜರೂ ಮೈಸೂರಿನವರೇ, ಅವರಿಗೂ ಮೀಸೆಯಿತ್ತು, ಪೆನ್ಸಿಲಿನಲ್ಲಿ ಎಳೆದಂತೆ ಸಣ್ಣದು. ಬಂದು ಹದಿನೇಳು ವರ್ಷವಾದರೂ ಅವರ ಮನೆಯವರಿಗೆ ಗ್ರೀನ್ ಕಾರ್ಡು ಮಾತ್ರ, ವೋಟಿಲ್ಲ. ಆದರೆ ಭವಿಷ್ಯ ಹೇಳಲು ಯಾರ ಅಪ್ಪಣೆ ಬೇಕು. ವಿಜಯದಶಮಿಯ ದಿನ ಇಬ್ಬರು ಬೀಗರೂ ಫೋನಿನಲ್ಲಿ, ಬಲಿಪಾಡ್ಯಮಿಯ ಭಾನುವಾರ ಝೂಮಿನಲ್ಲೇ ನಿಶ್ಚಿತಾರ್ಥ ಎಂದು ಗೊತ್ತುಮಾಡಿದರು. ಮಾತು ಅಲ್ಲಿಗೆ ಮುಗಿಯಬಹುದಿತ್ತು.

"ಬೀಗರೇ, ಈ ಸಲ ನಮ್ಮ ಜಾರ್ಜಿಯಾ, ನಿಮ್ಮ ನಾರ್ತ್ ಕ್ಯಾರೊಲಿನಾ, ಎರಡೂ ನೀಲಿ. ಬರೆದಿಟ್ಕೊಳಿ," ಎಂದರು ರಾಮಲಿಂಗಪ್ಪ.

"ನನ್ನ ರಾಜ್ಯ ನನಗೆ ಗೊತ್ತಿಲ್ವಾ ಬೀಗರೇ? ಎರಡೂ ಕೆಂಪು. ಬೇಕಾದ್ರೆ ಬೆಟ್ ಕಟ್ಟಿ."

"ಏನ್ ಕಟ್ಟೋಣ?"

"ನಮ್ಮ ಕಡೆ ಎಲೆಕ್ಷನ್ ಟೈಮಲ್ಲಿ ಏನ್ ಕಟ್ತಾರೋ ಅದೇ," ಎಂದರು ತ್ಯಾಗರಾಜ. ಅತ್ತಲಿಂದ ಅವರ ಹೆಂಡತಿ ವೇದಾ ಬೇಡ ಎನ್ನುವುದರೊಳಗೆ, ಇತ್ತ ರಾಮಲಿಂಗಪ್ಪ ಮೀಸೆಯ ಮೇಲೆ ಕೈಯಿಟ್ಟು ಒಪ್ಪಿಯಾಗಿತ್ತು. ಭವಿಷ್ಯ ತಪ್ಪಿದವರ ಮೀಸೆ ಬೋಳು.

ನವೆಂಬರ್ ಮೂರು, ಮಂಗಳವಾರ ಚುನಾವಣೆ ಮುಗಿದು ಬುಧವಾರ ಬೆಳಗಾದಾಗ ಎರಡು ರಾಜ್ಯಗಳಲ್ಲೂ ಕೆಂಪೇ ಮುಂದಿತ್ತು. ತ್ಯಾಗರಾಜರು ತಿಂಡಿಯ ಹೊತ್ತಿಗೆ ಸರಿಯಾಗಿ ಒಂದು ರೇಜರಿನ ಚಿತ್ರ ಕಳಿಸಿದರು. ರಾಮಲಿಂಗಪ್ಪ ಅದನ್ನು ನೋಡಿ ನಕ್ಕರು, ಆದರೆ ತಟ್ಟೆಯ ಉಪ್ಪಿಟ್ಟು ಹಾಗೇ ಉಳಿಯಿತು. ಗುರುವಾರ ಜಾರ್ಜಿಯಾದ ಅಂತರ ಗಂಟೆಗಂಟೆಗೂ ಕರಗತೊಡಗಿತು. ಈಗ ಊಟ ಸೇರದವರು ತ್ಯಾಗರಾಜ. ತಡೆಯಲಾರದೆ ಫೋನ್ ಮಾಡಿದರು.

"ಅಲ್ಲ ಬೀಗರೇ, ನಿಮ್ಮ ಜಾರ್ಜಿಯಾದವರಿಗೆ ಎಣಿಸೋಕೇ ಬರಲ್ವಾ? ಇವತ್ತಿಗೆ ಮೂರನೇ ದಿನ."

ಕಾಲೆಳೆಯುವ ಮಾತು, ಅಷ್ಟೇ. ಆದರೆ ರಾಮಲಿಂಗಪ್ಪನವರಿಗೆ ಎರಡು ರಾತ್ರಿಯ ನಿದ್ದೆಯಿರಲಿಲ್ಲ. "ವೋಟೇ ಇಲ್ದಿರೋರಿಗೆ ಈ ಉಸಾಬರಿ ಎಲ್ಲ ಯಾಕೆ ಬೀಗರೇ," ಎಂದುಬಿಟ್ಟರು.

"ಸರಿ. ಇಡ್ತೀನಿ," ಎಂದರು ತ್ಯಾಗರಾಜ.

ರಾಮಲಿಂಗಪ್ಪ ನಾಲಗೆ ಕಚ್ಚಿಕೊಂಡರು. ಹದಿನೇಳು ವರ್ಷ ತೆರಿಗೆ ಕಟ್ಟಿ, ಸಾಲಿನಲ್ಲಿ ನಿಂತು ಕಾದ ಮನುಷ್ಯನಿಗೆ ಆಡುವ ಮಾತೇ ಅದು? ಅವರಿಗೇ ಅಸಹ್ಯವಾಯಿತು. ಮರುದಿನ ಬೆಳಿಗ್ಗೆ ಜಾರ್ಜಿಯಾದಲ್ಲಿ ನೀಲಿ ಮುಂದೆ ಬಂತು. ವಾಟ್ಸ್ಯಾಪ್ ಗುಂಪಿನವರೆಲ್ಲ ಅವರನ್ನು ಹೊತ್ತು ಮೆರೆಸಿದರು, ವೋಟಿಲ್ಲದ ನೂರ ಎಂಬತ್ತೊಂದು ಜನವೂ ಸೇರಿ. ಅವರಿಗೆ ಮಾತ್ರ ಯಾವ ಮೆರವಣಿಗೆಯೂ ರುಚಿಸಲಿಲ್ಲ.

ಕ್ಯಾರಿಯಿಂದ ಫೋನಿಲ್ಲ, ಚಿತ್ರವಿಲ್ಲ. ವೇದಾ ಮಾತ್ರ ಊರ್ಮಿಳಾರಿಗೆ ಗುಟ್ಟಾಗಿ ಹೇಳಿದರು, "ಇವರು ಭಾನುವಾರ ಕ್ಯಾಮೆರಾ ಮುಂದೆ ಕೂತ್ಕೊಳ್ಳಲ್ಲ ಅಂತಿದಾರೆ ಕಣ್ರೀ. ಕೇಳಿದ್ರೆ ತಲೆನೋವು ಅಂತಾರೆ." ಗಂಡಿನ ತಂದೆ ಕೂರದ ನಿಶ್ಚಿತಾರ್ಥವನ್ನು ಯಾರು ಕೇಳಿದ್ದಾರೆ. ಊರ್ಮಿಳಾ ಗಂಡನನ್ನು ಬಯ್ಯಲಿಲ್ಲ, ಆದರೆ ಆ ದಿನದ ಸಾರಿಗೆ ಉಪ್ಪು ಹಾಕುವುದನ್ನು ಮರೆತರು.

"ಅಪ್ಪ, ಜಸ್ಟ್ ಸಾರಿ ಹೇಳು," ಎಂದಳು ನಿಧಿ. "ಇಟ್ಸ್ ಒನ್ ವರ್ಡ್. ಚಿರಾಗ್ ತುಂಬ ಅಪ್ಸೆಟ್ ಆಗಿದಾನೆ. ನಾನೂ."

"ಹೇಳ್ತೀನಿ ಮರಿ," ಎಂದ ರಾಮಲಿಂಗಪ್ಪ ಮೂರು ಸಲ ಫೋನ್ ಎತ್ತಿ ಮೂರು ಸಲವೂ ಕೆಳಗಿಟ್ಟರು. ಭವಿಷ್ಯ ಹೇಳಲು ಇಷ್ಟುದ್ದ ಇದ್ದ ನಾಲಗೆ ಕ್ಷಮೆ ಕೇಳುವಾಗ ಎಲ್ಲಿ ಅಡಗುತ್ತಿತ್ತೋ.

ಹದಿಮೂರನೆಯ ತಾರೀಕು ಶುಕ್ರವಾರ, ಒಂದೇ ದಿನ, ಟೀವಿಯವರು ಎರಡೂ ರಾಜ್ಯಗಳನ್ನು ಘೋಷಿಸಿದರು. ಜಾರ್ಜಿಯಾ ನೀಲಿ, ನಾರ್ತ್ ಕ್ಯಾರೊಲಿನಾ ಕೆಂಪು. ರಾಮಲಿಂಗಪ್ಪ ಫ್ರಿಜ್ಜಿನ ಮುಂದೆ ನಿಂತು ನಕ್ಷೆ ನೋಡಿದರು. ತಮ್ಮದು ಅರ್ಧ ಸರಿ, ಅರ್ಧ ತಪ್ಪು. ಬೀಗರದೂ ಅಷ್ಟೇ. ಸಮಸಮ ಎಂದು ಕೈ ಒರೆಸಿಕೊಳ್ಳಬಹುದಿತ್ತು. ಜಾರ್ಜಿಯಾದಲ್ಲಿ ಮರುಎಣಿಕೆ ನಡೆಯುತ್ತಿದೆ, ಮುಗಿಯಲಿ ಎಂದು ತಳ್ಳಬಹುದಿತ್ತು. ಅದೂ ಬೇಡ, ಹೊರಗೆ ಹೋದರೆ ಹೇಗೂ ಮಾಸ್ಕು, ಮೀಸೆ ಇದೆಯೋ ಇಲ್ಲವೋ ನೋಡುವವರಾದರೂ ಯಾರು. ಅವರ ತಲೆಯಲ್ಲಿ ಬೇರೆಯೇ ಲೆಕ್ಕ ಓಡುತ್ತಿತ್ತು.

ಭಾನುವಾರ ಬೆಳಿಗ್ಗೆ ಸ್ನಾನದ ಮನೆಯ ಚಿಲಕ ಹಾಕಿಕೊಂಡು, ಕನ್ನಡಕ ತೆಗೆದಿಟ್ಟು, ಕತ್ತರಿ ಹಿಡಿದರು. ಮೊದಲ ಕೂದಲು ಬಿದ್ದಾಗ ಯಾಕೋ ನಗು ಬಂತು. ಎಡಗಡೆಯ ಅರ್ಧವನ್ನು ರೇಜರಿನಿಂದ ನುಣ್ಣಗೆ ತೆಗೆದರು. ಕನ್ನಡಿಯಲ್ಲಿ ಮಬ್ಬಾಗಿ ಒಂದು ಬಿಳಿಯ ಪಟ್ಟಿ ಕಂಡಿತು, ಅಷ್ಟೇ. ರೇಷ್ಮೆ ಪಂಚೆ ಉಟ್ಟು, ಮುಖಕ್ಕೆ ಮಾಸ್ಕು ಹಾಕಿಕೊಂಡು ಹೊರಬಂದರು.

"ಮನೇಲಿ ಮಾಸ್ಕ್ ಯಾಕ್ರೀ? ಜ್ವರ ಗಿರ ಬಂದಿದ್ಯಾ?" ಎಂದು ಊರ್ಮಿಳಾ ಹಣೆ ಮುಟ್ಟಿ ನೋಡಿದರು.

"ಆಮೇಲೆ ಹೇಳ್ತೀನಿ, ನೀನು ತಟ್ಟೆ ಜೋಡಿಸು."

ಹತ್ತು ಗಂಟೆಗೆ ಝೂಮ್ ತೆರೆಯಿತು. ಮೈಸೂರಿನ ನೆಂಟರು ಒಂದೊಂದು ಚೌಕದಲ್ಲಿ ನಾಲ್ಕು ನಾಲ್ಕು ಜನ ತುಂಬಿಕೊಂಡಿದ್ದರು. ಒಬ್ಬರ ಮನೆಯ ಕುಕ್ಕರಿನ ಸೀಟಿಗೆ ಪುರೋಹಿತರ ಮಂತ್ರ ಎರಡು ಸಲ ನಿಂತಿತು. ಕ್ಯಾರಿಯ ಚೌಕದಲ್ಲಿ ಚಿರಾಗ್, ವೇದಾ, ಪಕ್ಕದಲ್ಲಿ ಒಂದು ಖಾಲಿ ಕುರ್ಚಿ. ರಾಮಲಿಂಗಪ್ಪ ಆ ಕುರ್ಚಿಯನ್ನೇ ನೋಡುತ್ತಾ ಮಾಸ್ಕು ಸರಿಮಾಡಿಕೊಂಡರು. ಪುರೋಹಿತರು ಗಂಡಿನ ತಂದೆ ಎಲ್ಲಿ ಎಂದು ಕೇಳುವ ಹೊತ್ತಿಗೆ ತ್ಯಾಗರಾಜ ಬಂದು ಕೂತರು. ಅವರ ಮುಖಕ್ಕೂ ಮಾಸ್ಕು.

ರಾಮಲಿಂಗಪ್ಪ ಗಾಬರಿಯಿಂದ ಕ್ಯಾಮೆರಾದ ಹತ್ತಿರಕ್ಕೆ ಬಾಗಿದರು. "ಬೀಗರೇ, ಹುಷಾರಿಲ್ವಾ? ಟೆಸ್ಟ್ ಮಾಡಿಸಿದ್ರಾ?"

ಹತ್ತು ದಿನದ ಮೇಲೆ ಆಡಿದ ಮೊದಲ ಮಾತು ಅದು. "ನನಗೇನಿಲ್ಲ. ನಿಮಗೇನಾಯ್ತು?" ಎಂದರು ತ್ಯಾಗರಾಜ.

ರಾಮಲಿಂಗಪ್ಪ ಎದ್ದು ನಿಂತರು. ತಲೆ ಕ್ಯಾಮೆರಾದಿಂದ ಆಚೆ ಹೋಯಿತೆಂದು ನಿಧಿ ಪಂಚೆ ಜಗ್ಗಿ ಕೂರಿಸಿದಳು. "ಬೀಗರೇ, ಬೆಟ್ನಲ್ಲಿ ನಂದು ಅರ್ಧ ತಪ್ಪು. ಆವತ್ತು ಆಡಿದ ಮಾತಲ್ಲಿ ಪೂರ್ತಿ ತಪ್ಪು. ಕ್ಷಮಿಸಿ," ಎಂದು ಮಾಸ್ಕು ತೆಗೆದರು.

ಬಲಗಡೆ ಮೀಸೆ ಎಂದಿನಂತೆ ತಿರುಗಿ ನಿಂತಿತ್ತು. ಎಡಗಡೆ ಬಟಾಬಯಲು. ಕ್ಯಾರಿಯಲ್ಲಿ ತ್ಯಾಗರಾಜ ಬೀಗರನ್ನೇ ನೋಡುತ್ತಿದ್ದರು. ಅವರ ಭುಜ ಕುಲುಕತೊಡಗಿತು. ಅವರೂ ಮಾಸ್ಕು ಕೆಳಗಿಳಿಸಿದರು. ಆ ಪೆನ್ಸಿಲ್ ಗೆರೆಯಲ್ಲೂ ಬಲಗಡೆಯ ಅರ್ಧ ಅಳಿಸಿಹೋಗಿತ್ತು.

"ನಂದೂ ಅರ್ಧ ತಪ್ಪಿತ್ತಲ್ಲ ಬೀಗರೇ," ಎಂದರು. "ವೋಟಿಲ್ದಿದ್ರೂ ಮೀಸೆ ಇದೆ ನನಗೆ."

ಆಮೇಲೆ ಎದ್ದ ನಗುವಿಗೆ ಪುರೋಹಿತರು ಮುಹೂರ್ತ ಮೀರುತ್ತದೆಂದು ಕೂಗಿದ್ದು ಯಾರಿಗೂ ಕೇಳಿಸಲಿಲ್ಲ. ವೇದಾ ಸೆರಗಿನಿಂದ ಕಣ್ಣೊರೆಸಿಕೊಂಡರು. ರಾಮಲಿಂಗಪ್ಪನವರಿಗೆ ಎದೆಯ ಮೇಲಿನ ಕಲ್ಲು ಇಳಿದು, ಹದಿನಾರರ ಹುಡುಗನಂತೆ ಸುಮ್ಮಸುಮ್ಮನೆ ನಗು ಉಕ್ಕಿತು. ನಿಧಿ ಮಾತ್ರ ನಗುವುದನ್ನು ನಿಲ್ಲಿಸಿ, ಅಪ್ಪನ ಗಲ್ಲ ಹಿಡಿದು ಮುಖವನ್ನು ಕಿಟಕಿಯ ಬೆಳಕಿಗೆ ತಿರುಗಿಸಿದಳು.

"ಅಪ್ಪ, ನಿಂಗೆ ಇಲ್ಲಿ ಮಚ್ಚೆ ಇದೆ. ಸೇಮ್ ಪ್ಲೇಸ್. ನನ್ನ ಥರಾನೇ."

ರಾಮಲಿಂಗಪ್ಪ ಬೆರಳಿನಿಂದ ತಡವಿ ನೋಡಿಕೊಂಡರು. ಮೂವತ್ತೊಂಬತ್ತು ವರ್ಷ ಅದನ್ನು ತಾವೂ ನೋಡಿರಲಿಲ್ಲ, ಇತ್ತೆಂಬುದೇ ಮರೆತುಹೋಗಿತ್ತು. ಊರ್ಮಿಳಾ ತಟ್ಟೆ ಕೆಳಗಿಟ್ಟು ಹತ್ತಿರ ಬಂದು, ಗಂಡನ ತುಟಿಯನ್ನೊಮ್ಮೆ, ಮಗಳ ತುಟಿಯನ್ನೊಮ್ಮೆ ನೋಡಿ, ಹೋಗಿ ತಟ್ಟೆ ಎತ್ತಿಕೊಂಡರು.

"ಇನ್ನರ್ಧಾನೂ ತೆಗಿ ಅಪ್ಪ," ಎಂದಳು ನಿಧಿ ಮೆಲ್ಲಗೆ. "ವೆಡ್ಡಿಂಗ್ ಫೋಟೋದಲ್ಲಿ ನಾನು ನಿನ್ನ ಥರ ಕಾಣ್ಬೇಕು."

ಉಂಗುರ ತೋರಿಸಿ, ಶಾಸ್ತ್ರ ಮುಗಿಸಿ, ಎಲ್ಲ ಚೌಕಗಳಿಗೂ ಕೈಮುಗಿದ ಮೇಲೆ ರಾಮಲಿಂಗಪ್ಪ ಮತ್ತೆ ಸ್ನಾನದ ಮನೆಗೆ ಹೋದರು. ಈ ಸಲ ಚಿಲಕ ಹಾಕಲಿಲ್ಲ. ಯಾವ ರಾಜ್ಯವೂ ಸೋಲಿಸದಿದ್ದ ಆ ಅರ್ಧವನ್ನು ತಾವೇ ತೆಗೆದು, ಕನ್ನಡಕ ಹಾಕಿಕೊಂಡು, ಕನ್ನಡಿಯಲ್ಲಿ ಮಗಳ ಮಚ್ಚೆಯನ್ನು ತುಂಬ ಹೊತ್ತು ನೋಡುತ್ತಾ ನಿಂತರು. ಬಾಗಿಲಲ್ಲಿ ಊರ್ಮಿಳಾ ಬಂದು ನಿಂತಿದ್ದರು.

"ಸರಿ, ಮಚ್ಚೆ ನಿಮ್ಮ ಕಡೆಯದೇ," ಎಂದರು. "ಹೋಳಿಗೆ ಆರುತ್ತೆ, ಊಟಕ್ಕೆ ಬನ್ನಿ."