ಸಾಹೇಬರ ಬಂಗ್ಲೆಯ ಹಳದಿ ಸುಣ್ಣ

ನನಗೆ ಆಗ ಐವತ್ತಾರು. ಅದಾಗಿ ಇಪ್ಪತ್ತು ವರ್ಷ ದಾಟಿತು. ಯಲ್ಲಾಪುರದಿಂದ ವಜ್ರಳ್ಳಿಗೆ ಹೋಗುವ ಕಡೆ ಇರುವ ಸಾಹೇಬರ ಬಂಗ್ಲೆಗೆ ವರ್ಷಕ್ಕೊಮ್ಮೆ, ದೀಪಾವಳಿಯ ಮೊದಲು, ಸುಣ್ಣ ಬಳಿಯುವುದು ನನ್ನ ಕೆಲಸ. ಹದಿನೈದಕ್ಕೆ ಮದುವೆಯಾಗಿ ಬಂದು ಅತ್ತೆಯ ಹಿಂದೆ ಕುಂಚ ಹಿಡಿದವಳು. ಓದಿದ್ದು ಎರಡನೇ ಇಯತ್ತೆ. ಕಾಗದ ಓದಲು ತಿಣುಕುತ್ತೇನೆ, ಗೋಡೆ ಓದಲು ತಿಣುಕುವುದಿಲ್ಲ.

ಬಂಗ್ಲೆ ಕಟ್ಟಿಸಿದವನು ಸಾಗವಾನಿ ವ್ಯಾಪಾರದ ಇಂಗ್ಲಿಷ್ ಸಾಹೇಬ. ಅವನ ಹೆಂಡತಿಗೆ ಬಿಳಿ ಗೋಡೆ ಕಂಡರೆ ಆಗುತ್ತಿರಲಿಲ್ಲವಂತೆ. ಸುಣ್ಣಕ್ಕೆ ಹಳದಿ ಮಣ್ಣು, ಅದರಲ್ಲಿ ಕಾಗೆಬಂಗಾರದ ಪುಡಿ ಕಲಸಿ ಬಳಿಸಿದ್ದಳು; ದೀಪ ಹಚ್ಚಿದರೆ ಗೋಡೆ ಮಿಣಮಿಣ ಎನ್ನುತ್ತಿತ್ತು ಎಂದು ಅತ್ತೆ ಹೇಳುತ್ತಿದ್ದಳು. ಸಾಹೇಬ ಊರಿಗೆ ಹೋಗುವಾಗ ಕಾರವಾರ ಕಡೆಯ ಮರದ ವ್ಯಾಪಾರಿಗೆ ಮಾರಿದ. ಅವನು ಕಾವಿ ಬೆರೆಸಿ ಗುಲಾಬಿ ಮಾಡಿಸಿದ. ಆಮೇಲೆ ಕೊಂಡವರು ಹೆಗಡೇರು, ತೋಟಸ್ಥರು. ಅಡಿಕೆಗೆ ಹೊಡೆದು ಉಳಿದ ಮೈಲುತುತ್ತವನ್ನು ಚೆಲ್ಲುವ ಜಾತಿ ಅಲ್ಲ. ಅದೂ ಸುಣ್ಣಕ್ಕೆ ಬಿತ್ತು, ಬಂಗ್ಲೆ ತಿಳಿನೀಲಿ ಆಯಿತು. ಮಾಲಕ ಬದಲಾದಾಗಲೆಲ್ಲ ಬಣ್ಣ ಬದಲು.

ಬಂಗ್ಲೆಯ ಹಿಂದೆ ಎರಡು ಕೋಣೆಯ ಸಣ್ಣ ಮನೆ. ಅಲ್ಲಿ ಇದ್ದವಳು ಫಿಲೋಮಿನಾ, ಸಾಹೇಬರ ಅಡಿಗೆಯವನಾಗಿದ್ದ ಕೈತಾನನ ಸೊಸೆ. ಗಂಡ ಸತ್ತಿದ್ದ, ಮಕ್ಕಳಿರಲಿಲ್ಲ. ಸಾಹೇಬ ಮಾರುವಾಗ, ತಾನು ಕಟ್ಟಿಸಿದ ಅಡಿಗೆಯವನ ಮನೆ ಕೈತಾನನ ಮನೆಯವರಿಗೇ ಸೇರತಕ್ಕದ್ದು ಎಂದು ಕಾಗದದಲ್ಲಿ ಬರೆಸಿದ್ದ. ಕಾಗದ ಇತ್ತು. ಆದರೆ ಆ ಮನೆ ಯಾವುದು ಎಂದು ಅದರಲ್ಲಿ ಇರಲಿಲ್ಲ.

ಆ ವರ್ಷ ಹುಬ್ಬಳ್ಳಿಯವರೊಬ್ಬರು ಹೋಟೆಲ್ ಮಾಡಲು ಬಂಗ್ಲೆ ಕೊಳ್ಳಲು ಬಂದರು. ಹಿಂದಿನ ಮನೆ ನೋಡಿ, “ಇದು ಮರದ ವ್ಯಾಪಾರಿ ಸಾಮಾನಿಡಾಕ ಕಟ್ಟಿಸಿದ್ದು ಕಾಣ್ತೈತ್ರಿ. ಸಾಹೇಬನ ಕಾಲದ ಮನಿ ಎಂದೋ ಬಿದ್ದಿರಬೇಕು. ಈಕೀನ್ನ ಬಿಡಿಸಿ ಕೊಡ್ರಿ,” ಎಂದರು.

ಹೆಗಡೇರು ಕೆಟ್ಟವರಲ್ಲ. ನನ್ನನ್ನು ಕರೆಸಿದರು.

“ಗಂಗೆ, ನಿನ್ನ ಅತ್ತೆ ಕಾಲದಿಂದ ಸುಣ್ಣ ಬಳಿದವರು ನೀವು. ಇದು ಸಾಹೇಬನದ್ದೋ ಅಲ್ಲದೋ? ತೋರಿಸಿದರೆ ಈ ಮನೆ ಅವಳಿಗೆ ಬಿಟ್ಟೇ ಮಾರುತ್ತೇನೆ.”

“ಸಾಹೇಬಂದೇ,” ಎಂದೆ.

“ಬಾಯಿಮಾತು ಯಾಕ್ರಿ ಬೇಕು?” ಎಂದರು ಹುಬ್ಬಳ್ಳಿಯವರು.

“ಬಾಯಿಮಾತಲ್ಲ. ಬನ್ನಿ.”

ಬಂಗ್ಲೆಯ ಪಡಸಾಲೆಯಲ್ಲಿ ಚಾಕು ಹಾಕಿ ಗೋಡೆ ಕೊರೆದೆ. ನೀಲಿ, ಅದರಡಿ ಗುಲಾಬಿ, ತಳದಲ್ಲಿ ಮಿಣುಗುವ ಹಳದಿ. ಹೆಗಡೇರು ಕನ್ನಡಕ ಒರೆಸಿಕೊಂಡು ಬಗ್ಗಿ ನೋಡಿದರು. “ಇಷ್ಟು ವರ್ಷ ಇದ್ದೂ ಆನು ನೋಡಿದ್ನಿಲ್ಲೆ,” ಎಂದು ತಮ್ಮಷ್ಟಕ್ಕೇ ಹೇಳಿಕೊಂಡರು.

“ಹಿಂದಿನ ಮನೆಯಲ್ಲೂ ಹಳದಿ ಇದ್ದರೆ ಅದು ಸಾಹೇಬಂದು,” ಎಂದೆ. ಹುಬ್ಬಳ್ಳಿಯವರು ಒಪ್ಪಿದರು.

ಹಿಂದಿನ ಮನೆಗೆ ಹೋಗಿ ಕೊರೆದೆ. ಬಿಳಿ ಸುಣ್ಣ, ಅದರಡಿ ಗಾರೆ. ಇನ್ನೊಂದು ಕಡೆ ಕೊರೆದೆ. ಗಾರೆ. ನಾಲ್ಕು ಗೋಡೆಯೂ ಅಷ್ಟೇ.

ಆಗ ನೆನಪಾಯಿತು. ಬಂಗ್ಲೆಯ ಗೋಡೆ ಎತ್ತರ. ಅಲ್ಲಿ ನಾವು ಹಳೆಯದರ ಮೇಲೇ ಬಳಿಯುತ್ತಿದ್ದೆವು. ಫಿಲೋಮಿನಾ ನನ್ನ ಗೆಳತಿ. ಅವಳ ಮನೆಗೆ ಮಾತ್ರ ಪ್ರತಿ ವರ್ಷ ತಗಡಿನ ಚೂರು ಹಿಡಿದು ಗಾರೆ ಕಾಣುವವರೆಗೆ ಕೆರೆದು, ತೊಳೆದು, ಹೊಸ ಸುಣ್ಣ ಕೊಡುತ್ತಿದ್ದೆ. ಅವಳ ಮನೆ ಚಂದ ಕಾಣಲಿ ಎಂದು ಮಾಡಿದ್ದು. ಸಾಹೇಬನ ಗುರುತನ್ನು ನಾನೇ ಕಸಬರಿಗೆಯಲ್ಲಿ ಗುಡಿಸಿ ಹಿತ್ತಲಿಗೆ ಎಸೆದಿದ್ದೆ.

“ಎಂತಾಯ್ತು ಗಂಗಕ್ಕ?” ಎಂದಳು ಫಿಲೋಮಿನಾ.

“ನಾನೇ ಕೆರೆದು ತೆಗೆದೆ.”

“ಚೊಕ್ಕ ಕೆಲಸದವಳು ಎಂದು ಊರೆಲ್ಲ ಹೊಗಳಿಸಿಕೊಂಡೆಯಲ್ಲ. ಈಗ ನನ್ನನ್ನೂ ಗುಡಿಸಿ ಹಾಕು!”

ಹುಬ್ಬಳ್ಳಿಯವರು ಆಗಲೇ ಚಪ್ಪಲಿ ಮೆಟ್ಟುತ್ತಿದ್ದರು. ನಾನು ಗೋಡೆ ಸುತ್ತ ಕಣ್ಣಾಡಿಸಿದೆ, ನನ್ನ ತಗಡು ತಾಗದ ಜಾಗ ಎಲ್ಲಾದರೂ ಇದೆಯೋ ಎಂದು. ಮೂಲೆಯಲ್ಲಿ ಮೇರಿಯ ಮೂರ್ತಿ ಇಟ್ಟ ಮರದ ಗೂಡು. ಉದ್ದ ಮೊಳೆ ಹೊಡೆದು ಗೋಡೆಗೆ ಅಂಟಿಸಿ ಕೂಡಿಸಿದ್ದು. ಬೇರೆಯವರ ದೇವರು, ನಾನ್ಯಾಕೆ ಮುಟ್ಟಲಿ ಎಂದು ಪ್ರತಿ ವರ್ಷ ಅದರ ಸುತ್ತ ಬಳಿದು ಬಿಡುತ್ತಿದ್ದೆ.

“ಆ ಗೂಡು ಕೂಡಿಸಿದ್ದು ಯಾರು?”

“ನನ್ನ ಮಾವ. ಸಾಹೇಬ ಇರುವಾಗಲೇ.”

“ತೆಗಿ ಅದನ್ನು.”

“ನಿನಗೆ ತಲೆ ಸರಿ ಇದೆಯೋ? ಮಾವ ಸತ್ತಾಗಲೂ, ನನ್ನ ಗಂಡ ಸತ್ತಾಗಲೂ ಅದು ಅಲುಗಿದ್ದಿಲ್ಲ.”

“ಹಾಗಾದರೆ ನೀನೇ ಅಲುಗುತ್ತೀಯ. ಯಾವುದಾಗಬೇಕು ಹೇಳು.”

ಅವಳು ನನ್ನನ್ನು ನುಂಗುವ ಹಾಗೆ ನೋಡಿದಳು. ಆಮೇಲೆ ಕೈ ತೊಳೆದು ಬಂದು ಹಣೆಗೆ, ಎದೆಗೆ ಕೈ ಮುಟ್ಟಿಸಿಕೊಂಡು, ಮೂರ್ತಿಯನ್ನು ಎತ್ತಿ ಹಾಸಿಗೆಯ ಮೇಲೆ ಮಲಗಿಸಿದಳು. ನನ್ನನ್ನು ಮುಟ್ಟಲು ಬಿಡಲಿಲ್ಲ. ಮೊಳೆಗಳನ್ನು ತಾನೇ ಕತ್ತಿಯ ತುದಿಯಲ್ಲಿ ಮೀಟಿ ಮೀಟಿ ಗೂಡು ಬಿಚ್ಚಿದಳು.

ಹಿಂದೆ ಗೂಡಿನಷ್ಟೇ ಅಗಲದ ಚೌಕ. ನೀಲಿ ಇಲ್ಲ, ಗುಲಾಬಿ ಇಲ್ಲ, ಬರೀ ಹಳದಿ. ಹೆಗಡೇರು ಬೆಂಕಿಕಡ್ಡಿ ಗೀರಿ ಹತ್ತಿರ ಹಿಡಿದರು. ಗೋಡೆ ಮಿಣುಗಿತು.

ಹುಬ್ಬಳ್ಳಿಯವರು ಬೆರಳಲ್ಲಿ ಸವರಿ ಮೂಸಿ ನೋಡಿದರು. “ಮೊದಲ ಹೇಳಬಾರದೇನ್ರಿ ಯಮ್ಮಾ?”

“ಗೊತ್ತಿದ್ದರಲ್ಲವೇ ಹೇಳುವುದು,” ಎಂದೆ.

ಹೆಗಡೇರು ಮಾತಿಗೆ ತಪ್ಪಲಿಲ್ಲ. ಸಣ್ಣ ಮನೆ, ಬಾವಿಯ ದಾರಿ ಬಿಟ್ಟು ಉಳಿದದ್ದನ್ನು ಮಾರಿದರು. ಫಿಲೋಮಿನಾ ಎರಡು ದಿನ ನನ್ನ ಹತ್ತಿರ ಮಾತಾಡಲಿಲ್ಲ, ದೇವರನ್ನು ಎಬ್ಬಿಸಿದ್ದಕ್ಕೆ.

ಹಳೆಯದನ್ನು ತಳದವರೆಗೆ ಕೆರೆದು ತೆಗೆದವಳೇ ಒಳ್ಳೆಯ ಕೆಲಸದವಳು ಎಂದು ನಲವತ್ತು ವರ್ಷ ನಂಬಿದ್ದೆ. ಆ ಮನೆಯನ್ನು ಉಳಿಸಿದ್ದು ನಾನು ಮಾಡಿದ ಕೆಲಸವಲ್ಲ, ಮಾಡದೆ ಬಿಟ್ಟ ಜಾಗ.

ಗೂಡು ಬಿಚ್ಚಿದ ಮಾರನೇ ದಿನ ಬೆಳಿಗ್ಗೆ ವಜ್ರಳ್ಳಿಯ ಒಂದು ಮನೆಯಲ್ಲಿ ಕೆಲಸವಿತ್ತು. ಮನೆಯ ಅಮ್ಮ, ಪೂರ್ತಿ ಕೆರೆದೇ ಬಳಿಯಬೇಕು ಎಂದರು. ಹೂಂ ಎಂದು ಶುರು ಮಾಡಿದೆ. ನಡುಮನೆಯ ಬಾಗಿಲ ಹಿಂದೆ, ಬಾಗಿಲು ತೆರೆದಿಟ್ಟರೆ ಯಾರಿಗೂ ಕಾಣದ ಕಡೆ, ಅಂಗೈ ಅಗಲದ ಜಾಗಕ್ಕೆ ತಗಡು ತಾಗಿಸದೆ ಮುಂದಿನ ಗೋಡೆಗೆ ಹೋದೆ.